ಘಟ್ಟದ ತೋಟಕ್ಕೆ ಎಂಥ ಜೀಪು ಬೇಕು?

ಕೊಲ್ಲೂರು ಮೂಕಾಂಬಿಕೆಯ ದರ್ಶನಕ್ಕೆಂದು ಊರಿಗೆ ಹೋದ ನಮ್ಮವರಲ್ಲಿ ಅನೇಕರು ಕೊಡಚಾದ್ರಿಯನ್ನೂ ಏರಿ ಬಂದಿರುತ್ತಾರೆ. 1,343 ಮೀಟರ್ ಎತ್ತರದ ಆ ಬೆಟ್ಟದ ಕೊನೆಯ ಏರು ಹಾದಿ ಸಾಮಾನ್ಯ ಕಾರಿಗೆ ಸಲ್ಲುವಂಥದ್ದಲ್ಲ. ಮಳೆನೀರು ಕೊರೆದ ಕೊರಕಲು, ಉರುಳುಗಲ್ಲು, ಒಂದು ಮಗ್ಗುಲಿಗೆ ದರೆ, ಇನ್ನೊಂದು ಮಗ್ಗುಲಿಗೆ ಪ್ರಪಾತ. ಅಲ್ಲಿ ಜನರನ್ನು ಹೊತ್ತು ತೂಗಾಡುತ್ತ ಏರುವ ಹಳೆಯ ಜೀಪುಗಳನ್ನು ಕಂಡು ನಾವು ಬೆರಗಾಗುತ್ತೇವೆ. ಆದರೆ ಈ ಬಗೆಯ ವಾಹನ ಮಲೆನಾಡಿಗೆ ಬಂದದ್ದು ಪ್ರವಾಸಿಗರಿಗಾಗಿ ಅಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿಯೂ ತೀರ್ಥಹಳ್ಳಿ, ಸಾಗರ, ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿಯೂ ಗೊಬ್ಬರ, ಫಸಲು, ಆಳು, ರೋಗಿ ಎಲ್ಲವನ್ನೂ ಹೊತ್ತು ದುಡಿಯಲೆಂದು ಅದು ಬಂದಿತು. ಬೆಟ್ಟದ ಬಾಡಿಗೆ ಅದಕ್ಕೆ ಆಮೇಲೆ ಒದಗಿದ ಉಪವೃತ್ತಿ.

ಮಹಾನಗರದಲ್ಲಿ ನೆಲೆಸಿರುವ ನಮಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ತೌರೂರಿನ ತೋಟಕ್ಕೆ ಒಂದು ವಾಹನ ಕೊಳ್ಳಬೇಕೆಂಬ ಮಾತು ಬಂದಾಗ ಮುಂಬಯಿಯಲ್ಲೋ ಪುಣೆಯಲ್ಲೋ ಇರುವ ಅಣ್ಣತಮ್ಮಂದಿರ ಅಭಿಪ್ರಾಯ ಕೇಳುವುದು ವಾಡಿಕೆ. ಹಲವು ಮನೆಗಳಲ್ಲಿ ಹಣದ ಪಾಲೂ ಇಲ್ಲಿಂದಲೇ ಹೋಗುತ್ತದೆ. ನಾವಾದರೋ ನಮ್ಮ ಕಣ್ಣಿಗೆ ಬೀಳುವ ವಾಹನಗಳನ್ನು ನೋಡಿ ಸಲಹೆ ಕೊಡುತ್ತೇವೆ. ಈಗ ಎತ್ತರವಾಗಿ ಕಾಣುವ ಪ್ರತಿಯೊಂದು ಕಾರಿಗೂ ಎಸ್‌ಯುವಿ ಎಂಬ ಬಿರುದು ಸಲ್ಲುತ್ತಿದೆ. ಅವುಗಳಲ್ಲಿ ಬಹುಪಾಲಿನವು ಮುಂದಿನ ಎರಡು ಚಕ್ರಗಳಿಂದ ಮಾತ್ರ ಎಳೆಯಲ್ಪಡುವ ಕಾರುಗಳೇ. ಮೈ ಎತ್ತರ, ಗುಣ ಕಾರಿನದು. ಹಳ್ಳಿಗಳಲ್ಲಿ ಯಥೇಚ್ಛವಾಗಿ ಕಾಣುವ ಬೊಲೆರೊ ಗಟ್ಟಿಮುಟ್ಟಾದ ವಾಹನವೆಂಬುದು ನಿಜ, ಆದರೆ ಅದೂ ಹೆಚ್ಚಾಗಿ ಹಿಂದಿನ ಎರಡು ಚಕ್ರಗಳ ಚಾಲನೆಯದು. ಆಷಾಢದ ಜಡಿಮಳೆಯಲ್ಲಿ ತೋಟದ ಏರಿನಲ್ಲಿ ಎರಡು ಚಕ್ರ ಸುಮ್ಮನೆ ತಿರುಗುತ್ತ ನಿಂತಾಗ ವ್ಯತ್ಯಾಸ ತಿಳಿಯುತ್ತದೆ. ಅಷ್ಟರಲ್ಲಿ ಹಣ ಕೊಟ್ಟಾಗಿರುತ್ತದೆ.

ಆದುದರಿಂದ ದುಡಿಯುವ ಜೀಪಿನಿಂದ ರೈತ ನಿಜವಾಗಿ ಬಯಸುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ, ಉಳಿದದ್ದು ಒಕ್ಕಲುತನದಿಂದ. ಎರಡನೆಯ ಮಹಾಯುದ್ಧ ಮುಗಿದೊಡನೆ, 1945ರಲ್ಲಿ, ಅಮೆರಿಕದ ವಿಲ್ಲೀಸ್ ಕಂಪೆನಿ ನಾಗರಿಕರಿಗಾಗಿ ಸಿಜೆ-2ಎ ಎಂಬ ಮಾದರಿಯನ್ನು ಹೊರತಂದಾಗ ಅದರ ಕಣ್ಣು ಇದ್ದದ್ದು ರೈತರ ಮೇಲೆ. ಹಿಂದೆ ತೆರೆಯುವ ಬಾಗಿಲು, ಇನ್ನಷ್ಟು ಎಳೆತ ಕೊಡುವ ಗೇರುಗಳು, ಎಂಜಿನ್ನಿನ ಶಕ್ತಿಯನ್ನು ಹೊರಗಿನ ಯಂತ್ರಗಳಿಗೆ ಕೊಡುವ ಶಾಫ್ಟಿನ ಸೌಲಭ್ಯ, ಇವುಗಳನ್ನೆಲ್ಲ ಸೇರಿಸಿ ನೇಗಿಲು ಹೂಡುವುದಕ್ಕೂ ಇದು ಆಗುತ್ತದೆಂದು ಸಾರಲಾಯಿತು. ಇಂಗ್ಲೆಂಡಿನ ರೋವರ್ ಕಂಪೆನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ತನ್ನ ಆಂಗಲ್ಸೀ ದ್ವೀಪದ ಹೊಲದಲ್ಲಿ ಇಂಥದೇ ಒಂದು ಯುದ್ಧಕಾಲದ ಜೀಪನ್ನು ದುಡಿಸುತ್ತಿದ್ದ. ಅದು ಸವೆದರೆ ಬದಲಿಗೆ ಏನು ಎಂಬ ಚಿಂತೆಯಿಂದ ಹುಟ್ಟಿದ್ದೇ 1948ರಲ್ಲಿ ಬಂದ ಲ್ಯಾಂಡ್ ರೋವರ್. ಆಗ ಅಲ್ಲಿ ಉಕ್ಕಿಗೆ ಪಡಿತರವಿದ್ದುದರಿಂದ ಅದರ ಮೈಯನ್ನು ಅಲ್ಯುಮಿನಿಯಂ ಮಿಶ್ರಲೋಹದಿಂದ ಮಾಡಿದರು. ಅದು ತುಕ್ಕು ಹಿಡಿಯದೆಂಬುದು ರೈತನಿಗೆ ಅನಾಯಾಸವಾಗಿ ದೊರೆತ ಲಾಭ.

ನಮ್ಮ ದೇಶದ ಜೀಪಿನ ಕಥೆ ಮುಂಬಯಿಯಲ್ಲಿಯೇ ಆರಂಭವಾಗುತ್ತದೆ ಎಂಬುದು ಇಲ್ಲಿ ಉಲ್ಲೇಖನೀಯ. 1940ರ ದಶಕದ ಕೊನೆಯ ವರ್ಷಗಳಲ್ಲಿ ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳ ಬಿಡಿಭಾಗಗಳನ್ನು ತರಿಸಿ ಮಝಗಾಂವಿನಲ್ಲಿ ಜೋಡಿಸಲು ತೊಡಗಿತು. ಮುಂದೆ ಕಾಂದಿವಲಿಯ ಕಾರ್ಖಾನೆ ಬಂದಿತು, ಆ ಬಳಿಕ ನಾಸಿಕ. ಮೊದಲಿನವು ಪೆಟ್ರೋಲಿನ ಜೀಪುಗಳು. ಡೀಸೆಲ್ ಜೀಪಿನ ಕಾಲ ಬಂದಾಗ ಸಂಸ್ಥೆ ಮಾಡಿದ ಆಯ್ಕೆಯೇ ಅರ್ಥಪೂರ್ಣವಾದದ್ದು: ತನ್ನ ಟ್ರ್ಯಾಕ್ಟರುಗಳಿಗಾಗಿ ತಯಾರಾಗುತ್ತಿದ್ದ ಇಂಟರ್‌ನ್ಯಾಷನಲ್ ಬಿ-275 ಮೂಲದ ಎಂಜಿನ್ನನ್ನೇ ಜೀಪಿನ ಎದೆಗೆ ಕೂರಿಸಿತು. ವೇಗ ಕಡಿಮೆ, ಗದ್ದಲ ಹೆಚ್ಚು, ನಡುಕವಂತೂ ಹಲ್ಲಿಗೆ ಹಲ್ಲು ತಾಗುವಷ್ಟು. ಆದರೆ ಟ್ರ್ಯಾಕ್ಟರ್ ಬಲ್ಲ ಮೇಸ್ತ್ರಿಗೆ ಜೀಪೂ ಅರ್ಥವಾಯಿತು. ಬಳಿಕ 1980ರ ದಶಕದಲ್ಲಿ ಪೂಜೋ ಮೂಲದ 2.1 ಲೀಟರ್ ಡೀಸೆಲ್ ಎಂಜಿನ್ನಿನ ಎಂಎಂ 540 ಬಂದಿತು. ಮಲೆನಾಡಿನಲ್ಲಿ ಇಂದಿಗೂ ಯಾರಾದರೂ ‘ನಮ್ಮ ಜೀಪು’ ಎಂದು ಅಭಿಮಾನದಿಂದ ಹೇಳಿದರೆ ಅದು ಈ ಕುಲದ್ದಾಗಿರುವ ಸಂಭವವೇ ಹೆಚ್ಚು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಾಲ್ಕು ಚಕ್ರಗಳ ಚಾಲನೆ ಎಂದರೆ ಶಕ್ತಿ ಹೆಚ್ಚಾಗುವುದು ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಎಂಜಿನ್ನಿನ ಶಕ್ತಿ ಇದ್ದಷ್ಟೇ. ಅದು ಎರಡು ಚಕ್ರಗಳ ಬದಲು ನಾಲ್ಕಕ್ಕೆ ಹಂಚಿಹೋಗುತ್ತದೆ, ಆದ್ದರಿಂದ ಪ್ರತಿ ಚಕ್ರವೂ ನೆಲ ಬಿಟ್ಟು ಜಾರುವ ಸಂಭವ ಕಡಿಮೆಯಾಗುತ್ತದೆ. ರೈತನಿಗೆ ಇದಕ್ಕಿಂತಲೂ ಬೆಲೆಬಾಳುವುದು ಜೀಪಿನಲ್ಲಿರುವ ಎರಡನೆಯ ಸಣ್ಣ ಗೇರುಪೆಟ್ಟಿಗೆ. ಟ್ರಾನ್ಸ್‌ಫರ್ ಕೇಸ್ ಎಂದು ಅದಕ್ಕೆ ಹೆಸರು. ಮಲೆನಾಡಿನ ಚಾಲಕರ ಬಾಯಲ್ಲಿ ಅದರ ಕೆಲಸಕ್ಕೆ ‘ಲೋ ಹಾಕುವುದು’ ಎನ್ನುತ್ತಾರೆ. ಲೋ ಹಾಕಿದಾಗ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಎಳೆತ ಅಷ್ಟೇ ಪಟ್ಟು ಏರುತ್ತದೆ.

ಒಂದು ಲೆಕ್ಕ ನೋಡಿದರೆ ಇದು ಮನದಟ್ಟಾದೀತು. ಹಳೆಯ ಸಿಜೆ-3ಬಿ ಜೀಪಿನ ಮೊದಲನೆಯ ಗೇರು ಎಂಜಿನ್ನಿನ ಸುತ್ತನ್ನು ಸುಮಾರು 2.8 ಪಟ್ಟು ತಗ್ಗಿಸುತ್ತದೆ. ಲೋ ಹಾಕಿದರೆ ಇನ್ನೂ 2.46 ಪಟ್ಟು. ಅಚ್ಚಿನ ಮಧ್ಯದ ಹಲ್ಲುಚಕ್ರ ಮತ್ತೆ 5.38 ಪಟ್ಟು. ಮೂರನ್ನೂ ಗುಣಿಸಿದರೆ ಎಂಜಿನ್ 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ. ಎಂಜಿನ್ ನಿಮಿಷಕ್ಕೆ 1,000 ಸುತ್ತಿನಲ್ಲಿ ಮೆಲ್ಲನೆ ಓಡುತ್ತಿದ್ದರೆ ಜೀಪು ಗಂಟೆಗೆ ಮೂರೂವರೆಯಿಂದ ನಾಲ್ಕು ಕಿಲೋಮೀಟರ್ ವೇಗದಲ್ಲಿ ಮುಂದುವರಿಯುತ್ತದೆ. ಅಂದರೆ ತಲೆಯ ಮೇಲೆ ಹೊರೆಯಿಟ್ಟ ಆಳು ನಡೆಯುವ ವೇಗ. ಚಾಲಕ ಕ್ಲಚ್ಚನ್ನು ಮುಟ್ಟಬೇಕಾಗಿಲ್ಲ, ಆಕ್ಸಿಲರೇಟರನ್ನು ತುಳಿಯಬೇಕಾಗಿಲ್ಲ. ಸ್ಟಿಯರಿಂಗ್ ಹಿಡಿದು ಕಲ್ಲುಗಳ ನಡುವೆ ದಾರಿ ಹುಡುಕಿದರೆ ಸಾಕು.

ಇಳಿಜಾರಿನಲ್ಲಿ ಈ ಗುಣಕ್ಕೆ ಇನ್ನೂ ಹೆಚ್ಚಿನ ಬೆಲೆ. ಹಾವಸೆ ಕಟ್ಟಿದ ಕಲ್ಲಿನ ಮೇಲೆ ಬ್ರೇಕ್ ತುಳಿದರೆ ಚಕ್ರ ಸ್ತಬ್ಧವಾಗಿ ವಾಹನ ಜಾರುತ್ತದೆ. ಜಾರುವ ಚಕ್ರ ಸ್ಟಿಯರಿಂಗ್ ಮಾತನ್ನು ಕೇಳುವುದಿಲ್ಲ. ಲೋ ಗೇರಿನಲ್ಲಿ ಇಳಿಯುವ ಜೀಪನ್ನಾದರೋ ಎಂಜಿನ್ನೇ ಹಿಡಿದು ನಿಲ್ಲಿಸುತ್ತದೆ, ನಾಲ್ಕು ಚಕ್ರಗಳೂ ಮೆಲ್ಲಮೆಲ್ಲನೆ ಉರುಳುತ್ತಲೇ ಇರುತ್ತವೆ. ಹತ್ತು ಚೀಲ ಕಾಫಿ ಹೇರಿಕೊಂಡು ಬೆಟ್ಟದ ತೋಟದಿಂದ ಕಣಕ್ಕೆ ಇಳಿಯುವವನಿಗೆ ಇದು ಪ್ರಾಣರಕ್ಷಕ. ‘ಆಲ್ ವ್ಹೀಲ್ ಡ್ರೈವ್’ ಎಂದು ಮಾರುವ ಅನೇಕ ನಗರವಾಹನಗಳಲ್ಲಿ ನಾಲ್ಕೂ ಚಕ್ರ ತಿರುಗುತ್ತವೆ, ಆದರೆ ಈ ಲೋ ಗೇರ್ ಇರುವುದಿಲ್ಲ. ಊರಿನವರಿಗೆ ಸಲಹೆ ನೀಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಲೋ ಇದೆಯೇ’ ಎಂಬುದು. ಎಷ್ಟು ಅಶ್ವಶಕ್ತಿ ಎಂಬುದಲ್ಲ.

ಎರಡನೆಯ ತೊಡಕು ಡಿಫರೆನ್ಷಿಯಲ್‌ನದು. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ, ಹೊರಗಿನ ಚಕ್ರ ಹೆಚ್ಚು ಸುತ್ತಬೇಕಾದುದರಿಂದ ಅಚ್ಚಿನ ಮಧ್ಯೆ ಈ ಸಾಧನವಿರುತ್ತದೆ. ಆದರೆ ಒಂದು ಚಕ್ರ ಕೆಸರಿನಲ್ಲೋ ಗಾಳಿಯಲ್ಲೋ ಇದ್ದರೆ ಅದೇ ಸುಮ್ಮನೆ ಗಿರಗಿರನೆ ತಿರುಗಿ, ಗಟ್ಟಿ ನೆಲದ ಮೇಲಿರುವ ಜೊತೆಯ ಚಕ್ರಕ್ಕೆ ಎಳೆಯುವ ಬಲ ಸಿಗದೆ ಹೋಗುತ್ತದೆ. ಹಾಗಾಗಿ ನಾಲ್ಕು ಚಕ್ರಗಳ ಜೀಪೂ ಎರಡು ಚಕ್ರ ಜಾರಿದರೆ ನಿಂತುಬಿಡಬಹುದು. ಮಲೆನಾಡಿನವರು ಇದಕ್ಕೆ ಕಂಡುಕೊಂಡ ಉಪಾಯ ಕಬ್ಬಿಣದ ಸರಪಣಿ: ಮಳೆಗಾಲ ಬಂತೆಂದರೆ ಟಯರುಗಳಿಗೆ ಚೈನ್ ಬಿಗಿದು ಓಡಿಸುತ್ತಾರೆ. ಡಾಂಬರು ಕಿತ್ತುಹೋಗುತ್ತದೆಂದು ರಸ್ತೆಯವರು ಬೈಯಲಿ, ಮನೆ ತಲಪುವುದು ಮುಖ್ಯ. ಈಗ ಡಿಫರೆನ್ಷಿಯಲನ್ನು ತಾನಾಗಿ ಬಿಗಿಯುವ ಲಾಕ್ ಕಾರ್ಖಾನೆಯಿಂದಲೇ ಬರುತ್ತದೆ. ಥಾರ್ ಜೀಪಿನ ಹಿಂದಿನ ಅಚ್ಚಿಗೆ 2015ರಲ್ಲಿ ಇದನ್ನು ಕೊಟ್ಟರು; ಫೋರ್ಸ್ ಕಂಪೆನಿಯ ಗೂರ್ಖಾದಲ್ಲಿ ಮುಂದೆಯೂ ಹಿಂದೆಯೂ ಲಾಕ್ ಹಾಕುವ ಏರ್ಪಾಡಿದೆ. ಬಣ್ಣ, ಸಂಗೀತದ ಪೆಟ್ಟಿಗೆಗಳಿಗೆ ಹಾಕುವ ಹಣವನ್ನು ಇದಕ್ಕೆ ಹಾಕುವುದು ಮೇಲೆಂದು ನಮ್ಮ ಅಭಿಪ್ರಾಯ.

ಪ್ರಾಸಂಗಿಕವಾಗಿ ಒಂದು ಎಚ್ಚರಿಕೆ. ಈ ಬಗೆಯ ಜೀಪುಗಳಲ್ಲಿ ನಾಲ್ಕು ಚಕ್ರದ ಚಾಲನೆಯನ್ನು ಒಣಗಿದ ಡಾಂಬರು ರಸ್ತೆಯಲ್ಲಿ ಹಾಕಿಕೊಂಡೇ ಓಡಿಸಬಾರದು. ಮುಂದಿನ ಅಚ್ಚು ಹಿಂದಿನ ಅಚ್ಚು ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ತಿರುವುಗಳಲ್ಲಿ ಹಲ್ಲುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ರಜೆಯಲ್ಲಿ ಊರಿಗೆ ಹೋಗಿ ಉತ್ಸಾಹದಿಂದ ಜೀಪು ಹಿಡಿಯುವ ನಗರದ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನು ಹೇರು. ಗೊಬ್ಬರದ ಚೀಲ 50 ಕಿಲೋ. ಯೂರಿಯಾ ಮಾತ್ರ 2018ರಿಂದ 45 ಕಿಲೋ. ಕಾಫಿ, ಮೆಣಸು, ಅಡಿಕೆ ಎಲ್ಲವೂ ಚೀಲದಲ್ಲೇ ಸಾಗಬೇಕು. ಜೊತೆಗೆ ಸಿಂಪಡಿಸುವ ಯಂತ್ರ, ಡೀಸೆಲ್ ಡಬ್ಬಿ, ಅಡುಗೆ ಅನಿಲ, ಹಾಲಿನ ಕ್ಯಾನು, ಕೆಲವೊಮ್ಮೆ ಕರು. ಹಳೆಯ ಜೀಪಿನ ಹಿಂಬದಿ ಎಂದರೆ ಬರಿಯ ತಗಡಿನ ಪೆಟ್ಟಿಗೆ: ಎರಡು ಮಗ್ಗುಲಿಗೂ ಮಡಚುವ ಬೆಂಚು, ಮಧ್ಯೆ ಖಾಲಿ ಜಾಗ. ಮುಂಜಾನೆ ಸಗಣಿಗೊಬ್ಬರ ಹೇರಿ, ಪೈಪು ಹಿಡಿದು ತೊಳೆದು, ಸಂಜೆ ಅದರಲ್ಲೇ ಮದುವೆಗೆ ಹೋಗಬಹುದಿತ್ತು. 2020ರ ಅಕ್ಟೋಬರಿನಲ್ಲಿ ಹೊಸ ಥಾರ್ ಮಾರುಕಟ್ಟೆಗೆ ಬಂದಾಗ ಮಗ್ಗುಲು ಬೆಂಚಿನ ಅಗ್ಗದ ಮಾದರಿಯೂ ಇತ್ತು, ಆದರೆ ಅದು ಬಹುಕಾಲ ಉಳಿಯಲಿಲ್ಲ. ಮುಂದಕ್ಕೆ ಮುಖಮಾಡಿದ ಆಸನಗಳೇ ಅಪಘಾತದಲ್ಲಿ ಸುರಕ್ಷಿತ ಎಂಬುದು ನಿರ್ವಿವಾದ. ಆದರೆ ಮೆತ್ತನೆಯ ಆಸನವನ್ನು ಕಾರ್ಪೆಟ್ಟಿನ ಮೇಲೆ ಬಿಗಿದ ಜೀಪಿಗೆ ಗೊಬ್ಬರ ಹೇರಲು ಯಾವ ಮನೆಯೊಡತಿ ಒಪ್ಪುತ್ತಾಳೆ?

ಅಗಲದ ವಿಷಯವನ್ನು ಪೇಟೆಯವರು ಗಮನಿಸುವುದೇ ಇಲ್ಲ. ತೋಟದೊಳಗಿನ ದಾರಿಗಳು, ತೋಡಿನ ಮೇಲಿನ ಸಂಕಗಳು, ತಡಮೆಗಳು ಎಲ್ಲವೂ ಹಳೆಯ ಜೀಪಿನ ಒಂದೂವರೆ ಮೀಟರ್ ಅಗಲಕ್ಕೆ ತಕ್ಕಂತೆ ಆದಂಥವು. 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿಯ ಅಗಲ 1.54 ಮೀಟರ್; ಹಗುರ ಮೈ, ಪೆಟ್ರೋಲ್ ಎಂಜಿನ್, ಕೆಸರಿನ ಮೇಲೆ ತೇಲಿದಂತೆ ಹೋಗುವ ಗುಣ. 2019ರ ಹೊತ್ತಿಗೆ ಅದು ಸಾರ್ವಜನಿಕ ಮಾರುಕಟ್ಟೆಯಿಂದ ಮರೆಯಾದಾಗ ಅನೇಕ ತೋಟಗಾರರು ಮರುಗಿದ್ದುಂಟು. ಹೊಸ ಥಾರ್ 1.82 ಮೀಟರ್ ಅಗಲವಿದೆ. ಮೇಲ್ನೋಟಕ್ಕೆ ಕಾಲು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಆದರೆ ಸಂಕದ ಮೇಲೆ ಆ ಕಾಲು ಮೀಟರೇ ಚಕ್ರ ನಿಲ್ಲುವ ಜಾಗ. 2023ರಲ್ಲಿ ಬಂದ ಮಾರುತಿ ಜಿಮ್ನಿ 1.645 ಮೀಟರ್ ಅಗಲದ್ದು, ಲೋ ಗೇರೂ ಅದಕ್ಕುಂಟು. ಸಣ್ಣ ತೋಟದ ಕಿರಿದಾದ ದಾರಿಗೆ ಅದು ಒಪ್ಪುತ್ತದೆ, ಆದರೆ ಹಿಂಬದಿಯ ಜಾಗ ಎರಡು ಮೂರು ಚೀಲಕ್ಕೆ ಮುಗಿಯಿತು. ಡೀಸೆಲ್ ಎಂಜಿನ್ನೂ ಅದರಲ್ಲಿ ಬರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮಲೆನಾಡಿನ ಒಬ್ಬ ಅನುಭವಸ್ಥ ರೈತನನ್ನು ಕೇಳಿದರೆ ಆತ ಮೊದಲು ಹೇಳುವ ಮಾತು ಬೇರೆಯೇ: ‘ಕೆಟ್ಟರೆ ಇಲ್ಲೇ ಸರಿಯಾಗಬೇಕು.’ ಕೊಪ್ಪದಲ್ಲೋ ಮೂಡಿಗೆರೆಯಲ್ಲೋ ಸೋಮವಾರಪೇಟೆಯಲ್ಲೋ ಒಬ್ಬ ಮೇಸ್ತ್ರಿ ಸ್ಪ್ಯಾನರು, ಸುತ್ತಿಗೆ, ವೆಲ್ಡಿಂಗ್ ಯಂತ್ರಗಳಿಂದ ಹಳೆಯ ಜೀಪನ್ನು ಎಬ್ಬಿಸಿ ನಿಲ್ಲಿಸಬಲ್ಲ. ಪ್ಲೇಟು ಸ್ಪ್ರಿಂಗು ಮುರಿದರೆ ಆ ಒಂದು ಪ್ಲೇಟನ್ನು ಬದಲಿಸಿದರಾಯಿತು. ಡೀಸೆಲ್ ಪಂಪು ಪೂರ್ಣ ಯಾಂತ್ರಿಕವಾದದ್ದು. ಬ್ಯಾಟರಿ ಸತ್ತಿದ್ದರೂ ಇಳಿಜಾರಿನಲ್ಲಿ ನೂಕಿದರೆ ಎಂಜಿನ್ ಎದ್ದುಕೊಳ್ಳುತ್ತದೆ. ಈಗಿನ ಎಂಜಿನ್ನುಗಳಲ್ಲಿ ಡೀಸೆಲನ್ನು ಅತ್ಯಧಿಕ ಒತ್ತಡದಲ್ಲಿ, ಗಣಕದ ಆಜ್ಞೆಯಂತೆ ಚಿಮ್ಮಿಸಲಾಗುತ್ತದೆ. ಹೊಗೆ ಕಡಿಮೆ, ಶಕ್ತಿ ಹೆಚ್ಚು, ಇಂಧನ ಮಿತ. ಆದರೆ ಒಂದು ಸಣ್ಣ ಸಂವೇದಕ ಕೈಕೊಟ್ಟರೂ ಎಂಜಿನ್ ಮುಷ್ಕರ ಹೂಡಬಹುದು, ಅದರ ಕಾರಣ ಹೇಳಲು ಅಧಿಕೃತ ಕಾರ್ಯಾಗಾರದ ಗಣಕವೇ ಬೇಕು. ಆ ಕಾರ್ಯಾಗಾರ ಘಟ್ಟದ ಕೆಳಗೋ ಜಿಲ್ಲಾಕೇಂದ್ರದಲ್ಲೋ ಇರುತ್ತದೆ.

ಇದರಲ್ಲಿ ಹೆಚ್ಚಿನವರಿಗೆ ತಿಳಿಯದ, ಆದರೆ ತೋಟದ ವಾಹನಕ್ಕೆ ತೀರಾ ಮುಖ್ಯವಾದ ಒಂದು ಅಂಶವಿದೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಯಾದ ಭಾರತ್ ಸ್ಟೇಜ್ 6 ನಿಯಮಗಳ ಕಾರಣದಿಂದ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಶೋಧಕ ಬಂದಿದೆ. ಡಿಪಿಎಫ್ ಎಂದು ಕರೆಯುತ್ತಾರೆ. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಹಾಗೆ ಸುಡಲು ಹೊಗೆಯ ಉಷ್ಣತೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಲಪಬೇಕು, ವಾಹನ ಕೆಲಕಾಲ ಎಡೆಬಿಡದೆ ಓಡುತ್ತಿರಬೇಕು. ಹೆದ್ದಾರಿಯಲ್ಲಿ ಇದು ನಮಗೆ ಗೊತ್ತಾಗದಂತೆಯೇ ನಡೆದುಹೋಗುತ್ತದೆ. ತೋಟದಲ್ಲಿ? ಬೆಳಗ್ಗೆ ಮನೆಯಿಂದ ಕಣಕ್ಕೆ ಎರಡು ಕಿಲೋಮೀಟರ್, ಲೋ ಗೇರಿನಲ್ಲಿ, ನಿಲ್ಲಿಸುವುದು, ಮತ್ತೆ ಒಂದು ಕಿಲೋಮೀಟರ್. ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಮಸಿ ತುಂಬುತ್ತದೆ, ಎಚ್ಚರಿಕೆಯ ದೀಪ ಉರಿಯುತ್ತದೆ, ಅದನ್ನೂ ಲೆಕ್ಕಿಸದಿದ್ದರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಮೇಲೆ ಕಾರ್ಯಾಗಾರಕ್ಕೆ ಎಳೆದೊಯ್ಯುವುದೊಂದೇ ಉಳಿದ ದಾರಿ.

ವಿಪರ್ಯಾಸವನ್ನು ಗಮನಿಸಿ. ನಿಧಾನವಾಗಿ ದುಡಿಯುವುದೇ ಯಾವ ವಾಹನದ ಹುಟ್ಟುಗುಣವಾಗಿತ್ತೋ ಆ ವಾಹನಕ್ಕೆ ಈಗ ನಿಧಾನವೇ ರೋಗ. ಇದಕ್ಕೆ ಪರಿಹಾರವಿಲ್ಲದಿಲ್ಲ: ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಸಮನಾದ ವೇಗದಲ್ಲಿ ಡಾಂಬರು ರಸ್ತೆಯಲ್ಲಿ ಓಡಿಸಬೇಕು, ದೀಪ ಉರಿಯತೊಡಗಿದಾಗ ಎಂಜಿನ್ನನ್ನು ಮಧ್ಯದಲ್ಲಿ ಆರಿಸದೆ ಓಟ ಮುಂದುವರಿಸಬೇಕು. ಸಂತೆಯ ದಿನ ಇದಕ್ಕೆ ಪ್ರಶಸ್ತ. ವಾಹನ ತೋಟ ಬಿಟ್ಟು ಹೊರಬರುವುದೇ ಅಪರೂಪವೆಂದಾದರೆ ಪೆಟ್ರೋಲಿನದನ್ನು ಆರಿಸುವುದು ಲೇಸು. ಅದರಲ್ಲಿ ಡೀಸೆಲಿನ ಈ ಶೋಧಕದ ತಲೆನೋವಿಲ್ಲ. ಲೋ ಗೇರಿನಲ್ಲಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಟಿಲ್ಲರಿಗೂ ಪಂಪಿಗೂ ತಂದಿಟ್ಟ ಡೀಸೆಲನ್ನು ಅದಕ್ಕೆ ಹಾಕುವಂತಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾಹನ ಮಾರುವವರು ಇದನ್ನೆಲ್ಲ ತಾವಾಗಿ ವಿವರಿಸುವುದು ವಿರಳ. ಕೊಳ್ಳುವವನೇ ಕೇಳಬೇಕು.

ತಯಾರಕರು ರೈತನನ್ನು ಮರೆತರೆಂದು ದೂರುವುದು ಸುಲಭ. ವ್ಯಾಪಾರದ ದೃಷ್ಟಿಯಿಂದ ಅವರ ನಡೆ ಅರ್ಥವಾಗುವಂಥದ್ದೇ: 2020ರ ಥಾರನ್ನು ಮುಗಿಬಿದ್ದು ಕೊಂಡವರಲ್ಲಿ ನಗರದ ಯುವಕರು ಅಸಂಖ್ಯ. 2023ರಲ್ಲಿ ಅದರ ಹಿಂಚಕ್ರ ಚಾಲನೆಯ ಮಾದರಿ ಬಂದಿತು, ಅಂದರೆ ಜೀಪಿನ ರೂಪ ಮಾತ್ರ ಸಾಕು ಎನ್ನುವವರಿಗಾಗಿ. 2024ರ ಆಗಸ್ಟಿನಲ್ಲಿ ಐದು ಬಾಗಿಲಿನ ಉದ್ದನೆಯ ರಾಕ್ಸ್. ಹೊರದೇಶಗಳಲ್ಲೂ ಇದೇ ಕಥೆ. ರೈತನಿಗಾಗಿ ಹುಟ್ಟಿದ ಲ್ಯಾಂಡ್ ರೋವರ್ ವಂಶದ ಹಳೆಯ ಡಿಫೆಂಡರ್ 2016ರ ಜನವರಿಯಲ್ಲಿ ನಿಂತುಹೋಯಿತು. ಕೆಲವು ವರ್ಷಗಳ ಬಳಿಕ ಅದೇ ಹೆಸರಿನಲ್ಲಿ ಬಂದದ್ದು ಐಷಾರಾಮದ ವಾಹನ. 2008ರಿಂದ ಆ ಸಂಸ್ಥೆಯ ಒಡೆತನ ನಮ್ಮ ಮುಂಬಯಿಯ ಟಾಟಾದವರದು ಎಂಬುದನ್ನು ಓದುಗರು ಬಲ್ಲರು. ಟೊಯೊಟಾದ 1984ರ ಲ್ಯಾಂಡ್ ಕ್ರೂಸರ್ 70 ಮಾತ್ರ ಆಸ್ಟ್ರೇಲಿಯದ ರೈತರ, ಗಣಿಗಳವರ ಬೇಡಿಕೆಯ ಬಲದಿಂದ ದಶಕಗಳ ಕಾಲ ಮೂಲರೂಪವನ್ನು ಹೆಚ್ಚು ಬಿಟ್ಟುಕೊಡದೆ ಉಳಿದು ಬಂದಿದೆ. ಇನ್ನೂ ವಿಚಿತ್ರವೆಂದರೆ, ಮಹೀಂದ್ರದವರು 2018ರಲ್ಲಿ ಅಮೆರಿಕದ ಜಮೀನುಗಳಲ್ಲಿ ದುಡಿಯಲೆಂದು ರಾಕ್ಸರ್ ಎಂಬ ಉಕ್ಕಿನ ಮೈಯ, 2.5 ಲೀಟರ್ ಡೀಸೆಲ್ ಎಂಜಿನ್ನಿನ ಸರಳ ಜೀಪನ್ನು ಅಲ್ಲಿಯೇ ಜೋಡಿಸಿ ಮಾರಿದರು. ರಸ್ತೆಯ ಮೇಲಲ್ಲದೆ ಹೊಲದೊಳಗೆ ಮಾತ್ರ ಓಡಿಸುವ ವಾಹನವೆಂದು ಮಾರಿದ್ದರಿಂದ ಅದಕ್ಕೆ ರಸ್ತೆಯ ಕಾರುಗಳಿಗಿರುವ ನಿಯಮಗಳು ತಟ್ಟಲಿಲ್ಲ. ಅಮೆರಿಕದಿಂದ ಬಂದ ಜೀಪು ಎಪ್ಪತ್ತು ವರ್ಷಗಳ ಬಳಿಕ ಮುಂಬಯಿಯ ಸಂಸ್ಥೆಯ ಮೂಲಕ ಅಮೆರಿಕದ ರೈತನ ಬಳಿಗೇ ಹಿಂದಿರುಗಿತು.

ಹಾಗೆಂದು ಹಳೆಯ ಜೀಪೇ ಸರ್ವಶ್ರೇಷ್ಠವೆಂದು ನಾವು ವಾದಿಸುತ್ತಿಲ್ಲ. ಆ ವ್ಯಾಮೋಹ ನಗರದಲ್ಲಿ ಕುಳಿತವರದು. ಕ್ಯಾನ್ವಾಸ್ ಮಾಡು, ಸುರಕ್ಷಾ ಪಟ್ಟಿಯಿಲ್ಲದ ಬೆಂಚು, ದುರ್ಬಲ ಬ್ರೇಕು, ಕಲ್ಲಿಗೆ ತಾಗಿದೊಡನೆ ಹೆಬ್ಬೆರಳು ಮುರಿಯುವಂತೆ ತಿರುಗಿಬೀಳುವ ಸ್ಟಿಯರಿಂಗು; ಇವುಗಳೊಡನೆ ಬದುಕಿದವರು ಅದನ್ನು ಹೊಗಳುವುದು ಕಡಿಮೆ. 2020ರ ನವೆಂಬರಿನಲ್ಲಿ ಹೊಸ ಥಾರ್ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ನಾಲ್ಕು ತಾರೆಗಳನ್ನು ಗಳಿಸಿತು. ಹಳೆಯದು ಅದರ ಹತ್ತಿರಕ್ಕೂ ಸುಳಿಯಲಾರದು. ತೋಟದ ಮನೆಗಳ ಸ್ಥಿತಿಯೂ ಈಗ ಬದಲಾಗಿದೆ. ಮಕ್ಕಳು ಬೆಂಗಳೂರು, ಮುಂಬಯಿ ಸೇರಿದ್ದಾರೆ. ಉಳಿದವರು ಅರವತ್ತು ಎಪ್ಪತ್ತರ ದಂಪತಿಗಳು. ಸಂಬಳದ ಡ್ರೈವರ್ ಸಿಗುವುದಿಲ್ಲ. ಆಕೆಯೂ ಓಡಿಸಬಲ್ಲಂಥ, ಪವರ್ ಸ್ಟಿಯರಿಂಗ್ ಇರುವ, ಮಳೆಯಲ್ಲಿ ಒಳಗೆ ನೀರು ಸುರಿಯದ ವಾಹನ ಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿ ಗುಡ್ಡ ಕುಸಿದು ವಾರಗಟ್ಟಲೆ ಮುಚ್ಚಿತ್ತು. ಮರುವರ್ಷ ಚಾರ್ಮಾಡಿ ಘಾಟಿಯೂ ಹಾಗೆಯೇ ಆಯಿತು. ಅಂಥ ರಾತ್ರಿ ಎದೆನೋವು ಬಂದರೆ ಅಂಬುಲೆನ್ಸ್ ಮನೆಯ ಬಾಗಿಲಿಗೆ ಬರಲಾರದು. ಅಂಬುಲೆನ್ಸ್ ನಿಂತಿರುವ ರಸ್ತೆಯವರೆಗೆ ರೋಗಿಯನ್ನು ಮಲಗಿಸಿ ತರುವುದು ಮನೆಯ ಜೀಪೇ. ಹಿಂದಿನ ಆಸನ ಪೂರ್ತಿ ಮಡಚುತ್ತದೆಯೇ ಎಂಬ ಪ್ರಶ್ನೆ ಬರಿಯ ಚೀಲದ ಲೆಕ್ಕವಲ್ಲ.

ಹೀಗಾಗಿ ಕೆಲವರು ಕೆಲಸವನ್ನು ಎರಡಾಗಿ ಹಂಚಿದ್ದಾರೆ. ಹೇರಿಗೆ ಪಿಕಪ್, ಮನೆಯವರಿಗೆ ಒಂದು ಸಾಧಾರಣ ಕಾರು. ಬೊಲೆರೊ ಕ್ಯಾಂಪರ್, ಟಾಟಾ ಯೋಧಾ, 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಮೊದಲಾದ ಎರಡು ಸಾಲು ಆಸನದ ಪಿಕಪ್‌ಗಳಲ್ಲಿ ನಾಲ್ಕು ಚಕ್ರ ಚಾಲನೆಯ ಮಾದರಿಗಳು ಬಂದಿವೆ. ಮುಂದೆ ಐದು ಜನ, ಹಿಂದೆ ತೊಳೆಯಬಹುದಾದ ತೊಟ್ಟಿ. ಉದ್ದ ಹೆಚ್ಚಾದುದರಿಂದ ಇಕ್ಕಟ್ಟಿನ ತಿರುವುಗಳಲ್ಲಿ ಹಿಂದೆ ಮುಂದೆ ಮಾಡಬೇಕಾಗುತ್ತದೆ, ಖಾಲಿ ಇದ್ದಾಗ ಹಿಂಬದಿ ಕುಪ್ಪಳಿಸುತ್ತದೆ. ನಮ್ಮ ದೃಷ್ಟಿಯಲ್ಲಿ ಹತ್ತು ಎಕರೆಗೆ ಮೇಲ್ಪಟ್ಟ ತೋಟಕ್ಕೆ ಇದೇ ಹೆಚ್ಚು ವಿವೇಕದ ಆಯ್ಕೆ. ಆದರೆ ತೊಟ್ಟಿಯಲ್ಲಿ ಆಳುಗಳನ್ನು ಕೂರಿಸಿ ಸಾರ್ವಜನಿಕ ರಸ್ತೆಗೆ ಇಳಿಯುವುದು ಕಾನೂನುಬಾಹಿರ; ಅನಾಹುತವಾದರೆ ವಿಮೆಯ ಪರಿಹಾರಕ್ಕೂ ತೊಡಕು.

ಹಳೆಯ ಜೀಪನ್ನೇ ಕೊಳ್ಳುವೆನೆಂಬವರು ಕಾಗದಪತ್ರಗಳನ್ನು ಮೊದಲು ನೋಡಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ. ಬಳಿಕ ಯೋಗ್ಯತಾ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಅದರ ಶುಲ್ಕ 2022ರಿಂದ ಬಹಳ ಏರಿದೆ. ಬೇರೆ ಎಂಜಿನ್ ಕೂರಿಸಿದ, ಚಾಸಿ ಕತ್ತರಿಸಿ ಉದ್ದ ಮಾಡಿದ ಜೀಪುಗಳು ಮಲೆನಾಡಿನಲ್ಲಿ ಧಾರಾಳವಾಗಿವೆ. ತಯಾರಕರ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ; ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆಯೂ ಚಾಸಿ ಸಂಖ್ಯೆಯೂ ವಾಹನದ ಮೇಲಿರುವುದರೊಡನೆ ತಾಳೆಯಾಗದಿದ್ದರೆ ಬೆಲೆ ಎಷ್ಟು ಅಗ್ಗವಾದರೂ ಬಿಟ್ಟುಬಿಡುವುದು ಕ್ಷೇಮ. ಚಾಸಿಯ ಅಡಿಯಲ್ಲಿ, ಪ್ಲೇಟು ಸ್ಪ್ರಿಂಗು ಸೇರುವಲ್ಲಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ತುಕ್ಕನ್ನು ಪರೀಕ್ಷಿಸಬೇಕು. ಲೋ ಹಾಕಿಸಿ ಒಂದು ಏರಿನಲ್ಲಿ ಹತ್ತಿಸಿ, ಇಳಿಸಿ ನೋಡಬೇಕು. ಇಳಿಯುವಾಗ ಗೇರು ತಾನಾಗಿ ಕಳಚಿಕೊಂಡರೆ ಆ ಜೀಪು ಬೇಡ.

ಮುಂಬಯಿಯ ನಮ್ಮ ಹಳೆಯ ಕಾರನ್ನೇ ಊರಿಗೆ ಕಳಿಸೋಣವೆಂಬ ಯೋಚನೆ ಇರುವವರಿಗೆ ಕೊನೆಯದಾಗಿ ಒಂದು ಸೂಚನೆ. ಬೇರೆ ರಾಜ್ಯದ ವಾಹನವನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಇಲ್ಲಿಯ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು, ಅಲ್ಲಿ ವಾಹನದ ವಯಸ್ಸಿಗೆ ತಕ್ಕ ಆಜೀವ ತೆರಿಗೆ ಕಟ್ಟಬೇಕು, ಇಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ಹಿಂದಕ್ಕೆ ಪಡೆಯಲು ಬೇರೆಯೇ ಅರ್ಜಿ ಹಾಕಬೇಕು. ಈ ವೆಚ್ಚವನ್ನೆಲ್ಲ ಕೂಡಿಸಿದ ಮೇಲೆ, ಆ ಕಾರು ಮಳೆಗಾಲದ ನಾಲ್ಕು ತಿಂಗಳು ತೋಟದ ಏರು ಹತ್ತದೆ ಅಂಗಳದಲ್ಲಿ ನಿಲ್ಲುವುದಾದರೆ, ಅದನ್ನು ಇಲ್ಲಿಯೇ ಮಾರಿ ಆ ಹಣವನ್ನು ಊರಿನ ಜೀಪಿನ ಪಾಲಿಗೆ ಕಳಿಸಿಕೊಡುವುದು ಉತ್ತಮ.